ಐದು ತಂತಿಯ ಬೇಸ್ ಗಿಟಾರ್: ಮರ ಮೊದಲೋ, ಹಾರ್ಡ್‌ವೇರ್ ಮೊದಲೋ?

ತಗ್ಗುತಂತಿ:
ಐದು ತಂತಿಯ ಬೋಲ್ಟ್-ಆನ್ (ನೆಕ್, ಅಂದರೆ ಎಡಗೈ ಹಿಡಿಯುವ ಉದ್ದ ಭಾಗವನ್ನು ಬಾಡಿಗೆ ಸ್ಕ್ರೂನಿಂದ ಬಿಗಿಯುವ) ಬೇಸ್ ಒಂದರ ನಕ್ಷೆ ಅರ್ಧಕ್ಕೆ ನಿಂತಿದೆ. ಬೇಕಾದದ್ದು ಮೂರು. ತಗ್ಗು ಬಿ ತಂತಿ (ಐದರಲ್ಲಿ ಎಲ್ಲಕ್ಕಿಂತ ದಪ್ಪದ್ದು) ಜೋಲು ಬೀಳದೆ ಬಿಗಿಯಾಗಿ ನುಡಿಯಬೇಕು. ಒಟ್ಟು ತೂಕ 4.2 ಕಿಲೋ ದಾಟಬಾರದು. ಸ್ಟ್ರ್ಯಾಪ್ ಹಾಕಿಕೊಂಡು ಎಡಗೈ ಬಿಟ್ಟರೆ ಹೆಡ್‌ಸ್ಟಾಕ್ (ನೆಕ್ಕಿನ ತುದಿಯ ತಲೆ) ನೆಲ ನೋಡಬಾರದು. ಸದ್ಯದ ಪಟ್ಟಿ: ಆಶ್ ಬಾಡಿ 45 ಮಿ.ಮೀ. ದಪ್ಪ, ಇಡಿಯಾಗಿ ವೆಂಗೆ (ಗಟ್ಟಿ ವಿದೇಶಿ ಮರ) ನೆಕ್, ಎಬೊನಿ ಫ್ರೆಟ್‌ಬೋರ್ಡ್, 24 ಫ್ರೆಟ್ (ಬೆರಳೊತ್ತುವ ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿ), ಭಾರದ ಹಿತ್ತಾಳೆ ಬ್ರಿಡ್ಜ್ (ಬಾಡಿಯ ಕಡೆ ತಂತಿಗಳು ಕೂರುವ ಲೋಹದ ಭಾಗ), ಮಾಮೂಲಿ ಟ್ಯೂನರ್ (ತಂತಿ ಬಿಗಿಸುವ ಕೀಲಿ). ಸ್ಕೇಲ್ (ನುಡಿಯುವ ತಂತಿಯ ಉದ್ದ) 34 ಇಂಚೋ 35 ಇಂಚೋ ಇನ್ನೂ ತೀರ್ಮಾನವಾಗಿಲ್ಲ. ಮರ ಮೊದಲು ತರುವುದು, ಹಾರ್ಡ್‌ವೇರ್ ಆಮೇಲೆ ಅಂತ ಲೆಕ್ಕ. ಎಲ್ಲಿ ಎಡವುತ್ತಿದ್ದೇನೆ ಹೇಳಿ.

ಉಳಿಚಾಣ:
ಕೊನೆಯಿಂದ ಎರಡನೇ ವಾಕ್ಯದಲ್ಲೇ ಎಡವಿದ್ದೀರಿ. ಹಾರ್ಡ್‌ವೇರ್ ಮೇಜಿನ ಮೇಲೆ ಬರುವವರೆಗೆ ನಕ್ಷೆಯ ಒಂದು ಗೆರೆಯನ್ನೂ ಪಕ್ಕಾ ಮಾಡಬೇಡಿ. ನೆಕ್ ಎಷ್ಟು ಅಗಲ ಎಂಬುದನ್ನು ನಿರ್ಧರಿಸುವುದು ಮರವಲ್ಲ, ಬ್ರಿಡ್ಜ್.

ಲೆಕ್ಕ ನೋಡಿ. ಬ್ರಿಡ್ಜ್‌ನಲ್ಲಿ ತಂತಿಯಿಂದ ತಂತಿಗೆ 19 ಮಿ.ಮೀ. ಇದ್ದರೆ ಐದು ತಂತಿಗೆ ನಾಲ್ಕು ಅಂತರ, ಅಂದರೆ 76 ಮಿ.ಮೀ. ನಟ್‌ನಲ್ಲಿ (ನೆಕ್ಕಿನ ತಲೆಯ ಕಡೆ ತಂತಿಗಳು ಕೂರುವ ಸಣ್ಣ ಪಟ್ಟಿ) 9.5 ಮಿ.ಮೀ. ಅಂತರ ಇಟ್ಟರೆ 38 ಮಿ.ಮೀ. 24ನೇ ಫ್ರೆಟ್ ಇರುವುದು ಸ್ಕೇಲಿನ ಮುಕ್ಕಾಲು ಭಾಗದಲ್ಲಿ. ಅಲ್ಲಿ ತಂತಿಗಳ ಹರವು 38 + (76 − 38) × 0.75 = 66.5 ಮಿ.ಮೀ. ಎರಡೂ ಅಂಚಿಗೆ 3.5 ಮಿ.ಮೀ. ಬಿಟ್ಟರೆ ಆ ಜಾಗದಲ್ಲಿ ನೆಕ್ 73.5 ಮಿ.ಮೀ., ನಟ್ 45 ಮಿ.ಮೀ. ಈಗ ಅದೇ ಲೆಕ್ಕವನ್ನು 17 ಮಿ.ಮೀ. ಅಂತರದ ಬ್ರಿಡ್ಜ್‌ಗೆ ಮಾಡಿ: 67.5 ಬರುತ್ತದೆ. ಆರು ಮಿಲಿಮೀಟರ್ ವ್ಯತ್ಯಾಸ! ನೆಕ್ ಪಾಕೆಟ್ (ನೆಕ್ ಕೂರುವ ಬಾಡಿಯ ಗುಳಿ) ರೂಟ್ ಮಾಡಿದ (ರೂಟರ್ ಯಂತ್ರದಲ್ಲಿ ತೋಡಿದ) ಮೇಲೆ ಇದು ಗೊತ್ತಾದರೆ ಬಾಡಿ ಸೌದೆಗೇ ಸೈ.

ಅಂಚಿನ 3.5 ಮಿ.ಮೀ.ಯಲ್ಲಿ ಜಿಪುಣತನ ಬೇಡ. 2.5ಕ್ಕೆ ಇಳಿಸಿದರೆ ಜಿ ತಂತಿಯನ್ನು ಕೆಳಕ್ಕೆ ಎಳೆದಾಗ ಫ್ರೆಟ್ ತುದಿಯಿಂದ ಜಾರಿಬಿಡುತ್ತದೆ.

ಮಿಲಿಮೀಟರ್:
ಉಳಿಚಾಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಕಂಪನಿಯ ಪುಟದಲ್ಲಿರುವ ಅಳತೆಯನ್ನು ನಂಬಬೇಡಿ, ಕ್ಯಾಲಿಪರ್ ಹಿಡಿಯಿರಿ. ಟ್ಯೂನರ್ ಬುಶಿಂಗಿನ (ಟ್ಯೂನರ್ ಕಂಬದ ಸುತ್ತ ಕೂರುವ ಲೋಹದ ಬಳೆ) ಹೊರ ವ್ಯಾಸ ಮಾದರಿಯಿಂದ ಮಾದರಿಗೆ 14 ಮಿ.ಮೀ.ಯಿಂದ 17.5 ಮಿ.ಮೀ.ವರೆಗೂ ಓಡಾಡುತ್ತದೆ. ಇಂಚಿನ ಬಿಟ್ ಇರುವವರು ಮಿಲಿಮೀಟರ್ ಬುಶಿಂಗಿಗೆ ತೂತು ಹಾಕಿದರೆ ಒಂದೋ ಸಡಿಲ, ಇಲ್ಲವೇ ಹೆಡ್‌ಸ್ಟಾಕ್ ಸೀಳು. ಚೂರು ಮರದಲ್ಲಿ ಮೊದಲು ತೂತು ಹಾಕಿ, ಬುಶಿಂಗ್ ಹೆಬ್ಬೆರಳಿನ ಒತ್ತಡಕ್ಕೆ ಕೂರುತ್ತದೆಯೇ ನೋಡಿ. ಸುತ್ತಿಗೆ ಬೇಕಾಯಿತೆಂದರೆ ತೂತು ಚಿಕ್ಕದಾಯಿತು ಅಂತಲೇ ಅರ್ಥ.

ಗೆರೆಮರ:
ನೆಕ್ ಮರದ ಬಗ್ಗೆ. ವೆಂಗೆ ಗಟ್ಟಿ ಮರ, ಅನುಮಾನವಿಲ್ಲ. ಬಾಗುವಿಕೆಗೆ ಅದು ಒಡ್ಡುವ ತಡೆ ಹಾರ್ಡ್ ಮೇಪಲ್‌ಗಿಂತ ಸುಮಾರು 40 ಶೇಕಡಾ ಹೆಚ್ಚು. ತೂಕವೂ ಹೆಚ್ಚು: ಘನಮೀಟರಿಗೆ ಮೇಪಲ್ 700 ಕಿಲೋ ಆಸುಪಾಸಾದರೆ ವೆಂಗೆ 870. ಐದು ತಂತಿಯ ನೆಕ್ಕಿನಲ್ಲಿ ಫ್ರೆಟ್‌ಬೋರ್ಡ್ ಬಿಟ್ಟು ಮರ ಸುಮಾರು 0.8 ಲೀಟರ್. ಅಂದರೆ 130 ಗ್ರಾಂ ಜಾಸ್ತಿ, ಅದೂ ನಿಮಗೆ ತೂಕ ಬೇಡವಾದ ತುದಿಯಲ್ಲಿ.

ಬಿಗಿ ಬೇಕಾದರೆ ಅಗ್ಗದ ದಾರಿ ಇನ್ನೊಂದಿದೆ. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 20 ಮಿ.ಮೀ. ನೆಕ್ಕನ್ನು 22 ಮಾಡಿದರೆ 1.1ರ ಘನ, ಅಂದರೆ 33 ಶೇಕಡಾ ಹೆಚ್ಚು ಬಿಗಿ. ವಿದೇಶಿ ಮರದ ಹೆಸರು ಹುಡುಕುವ ಮೊದಲು ಕೈಗೆ ಒಗ್ಗುವಷ್ಟು ದಪ್ಪ ಉಳಿಸಿಕೊಳ್ಳಿ.

ನನ್ನ ಆಯ್ಕೆ ಐದು ತುಂಡಿನ ಲ್ಯಾಮಿನೇಟ್: ಮೂರು ಮೇಪಲ್ ಪಟ್ಟಿ, ನಡುವೆ 5 ಮಿ.ಮೀ. ದಪ್ಪದ ಎರಡು ವೆಂಗೆ ಪಟ್ಟಿ. ಒಂದೇ ಹಲಗೆಯಿಂದ ಸೀಳಿದ ಮೇಪಲ್ ಪಟ್ಟಿಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ತಿರುಗಿಸಿ ಜೋಡಿಸಿ. ಒಂದು ಎಡಕ್ಕೆ ತಿರುಚಲು ನೋಡಿದರೆ ಪಕ್ಕದ್ದು ಬಲಕ್ಕೆ ಎಳೆಯುತ್ತದೆ. ಹಲಗೆಯ ತುದಿಯಲ್ಲಿ ಉಂಗುರದ ಗೆರೆಗಳು ಫ್ರೆಟ್‌ಬೋರ್ಡಿಗೆ ನೆಟ್ಟಗೆ ನಿಲ್ಲಬೇಕು, ಅದೇ ಕ್ವಾರ್ಟರ್‌ಸಾನ್. ಮಲಗಿದ ಗೆರೆಯ ದೊಡ್ಡ ಹಲಗೆ ಸಿಕ್ಕರೆ ಬೇಸರ ಬೇಡ, ಪಟ್ಟಿ ಸೀಳಿ 90 ಡಿಗ್ರಿ ತಿರುಗಿಸಿದರೆ ಅದೇ ನೆಟ್ಟಗಾಗುತ್ತದೆ.

ಗೆರೆಗಿಂತ ಮುಖ್ಯವಾದದ್ದು ನಾರು ಉದ್ದಕ್ಕೆ ಸರಿಯಾಗಿ ಓಡುತ್ತಿದೆಯೇ ಎಂಬುದು. ಕಣ್ಣಿಗೆ ಕಾಣದಿದ್ದರೆ ನಯವಾಗಿ ಕೀಸಿದ ಬದಿಗೆ ಒಂದು ಹನಿ ನೀರಾದ ಶಾಯಿ ಬಿಡಿ. ಶಾಯಿ ನಾರಿನ ಜಾಡು ಹಿಡಿದು ಹರಡುತ್ತದೆ. ಆ ಜಾಡು ಅಂಚಿಗೆ ಓರೆಯಾಗಿ ಹೊರಟರೆ ಆ ತುಂಡನ್ನು ನೆಕ್ಕಿಗೆ ಬಳಸಬೇಡಿ. ನಟ್ ಹತ್ತಿರ, ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಸರಳು) ತೋಡಿನಿಂದ ಮರ ತೆಳುವಾದ ಜಾಗದಲ್ಲಿ, ಒಂದು ಬಾರಿ ಬಿದ್ದರೆ ಮುರಿಯುವುದು ಇಂಥವೇ.

ಐದನೇತಂತಿ:
34, 35ರ ಜಗಳಕ್ಕೆ ಬರುತ್ತೇನೆ. ಅದೇ ತಂತಿ, ಅದೇ ಸ್ವರ ಇದ್ದರೆ ಬಿಗಿತ ಸ್ಕೇಲ್ ಉದ್ದದ ವರ್ಗಕ್ಕೆ ಅನುಗುಣ. 34ರಿಂದ 35ಕ್ಕೆ ಹೋದರೆ ಸಿಗುವುದು 6 ಶೇಕಡಾ. 34ರಲ್ಲೇ ಉಳಿದು ಬಿ ತಂತಿಯನ್ನು .130 ಇಂಚು ದಪ್ಪದಿಂದ .135ಕ್ಕೆ ಏರಿಸಿದರೆ ಸುಮಾರು 8 ಶೇಕಡಾ. ಹಾಗಾದರೆ 35 ಇಂಚು ಯಾತಕ್ಕೆ? ದಪ್ಪ ತಂತಿ ಕೋಲಿನ ಹಾಗೆ ವರ್ತಿಸತೊಡಗುತ್ತದೆ, ಅದರ ಮೇಲ್ಸ್ವರಗಳು ಇರಬೇಕಾದಲ್ಲಿಂದ ಮೇಲಕ್ಕೆ ಜಾರುತ್ತವೆ, ಸ್ವರ ಮಬ್ಬಾಗುತ್ತದೆ. ಉದ್ದ ಸ್ಕೇಲಿನಲ್ಲಿ ಅದು ಕಡಿಮೆ. ಬೆಲೆ ತೆರುವುದು ಮೊದಲ ಫ್ರೆಟ್ಟಿನಲ್ಲಿ: ಸ್ಕೇಲನ್ನು 17.817ರಿಂದ ಭಾಗಿಸಿದರೆ 34 ಇಂಚಿಗೆ 48.5 ಮಿ.ಮೀ., 35ಕ್ಕೆ 49.9. ಕೈ ಚಿಕ್ಕದಿದ್ದರೆ ಇದು ಗೊತ್ತಾಗುತ್ತದೆ. ಬಿ ತಂತಿ 30.9 ಹರ್ಟ್ಸ್. ಅದರ ಮೂಲ ಸ್ವರವನ್ನು ಹೆಚ್ಚಿನ ಸ್ಪೀಕರ್‌ಗಳು ಹೇಗೂ ಪೂರ್ತಿ ಕೊಡುವುದಿಲ್ಲ. ಕಿವಿ ಹಿಡಿಯುವುದು ಮೇಲ್ಸ್ವರವನ್ನೇ. ಆದ್ದರಿಂದ ಸ್ಪಷ್ಟತೆಯ ಪ್ರಶ್ನೆ ಬಂದಾಗ ಬಾಡಿ ಮರಕ್ಕಿಂತ ಮೊದಲು ತಂತಿಯನ್ನು ನೋಡಿ. ಟೇಪರ್ ತುದಿಯ (ತುದಿ ತೆಳುವಾದ) ಬಿ ತಂತಿ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ಒಂದೊಂದು ತಂತಿ ಕೂರುವ ತುಂಡು) ಮೇಲೆ ಚೆನ್ನಾಗಿ ಮಡಿಯುತ್ತದೆ, ಇಂಟೊನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವುದು) ನೆಟ್ಟಗೆ ಕೂರುತ್ತದೆ.

ಉಳಿಚಾಣ:
ಈಗ ತೂಕ. ತಗ್ಗುತಂತಿಯವರ ಪಟ್ಟಿಯಂತೇ ಕೂಡಿಸಿದೆ. ರೂಟಿಂಗ್ ಎಲ್ಲ ಕಳೆದು 45 ಮಿ.ಮೀ. ಬಾಡಿ ಸುಮಾರು 4.6 ಲೀಟರ್. ಹಗುರ ಆಶ್ ಲೀಟರಿಗೆ 540 ಗ್ರಾಂ ಹಿಡಿದರೆ 2.48 ಕಿಲೋ. ಟ್ರಸ್ ರಾಡ್, ಫ್ರೆಟ್ ಎಲ್ಲ ಸೇರಿ ವೆಂಗೆ ನೆಕ್ 1.13. ಮಾಮೂಲಿ ಟ್ಯೂನರ್ ಐದು, ಅರ್ಧ ಕಿಲೋ. ಹಿತ್ತಾಳೆ ಬ್ರಿಡ್ಜ್ ಇನ್ನರ್ಧ. ಎರಡು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಆಯಸ್ಕಾಂತದ ಭಾಗ) 0.28. ಸರ್ಕಿಟ್, ಬ್ಯಾಟರಿ 0.2. ತಂತಿ, ಪ್ಲೇಟ್, ಸ್ಕ್ರೂ, ಪಾಲಿಶ್ 0.25. ಮೊತ್ತ 5.34 ಕಿಲೋ. ನಿಮ್ಮ ಮಿತಿಗಿಂತ ಒಂದು ಕಿಲೋ ಮೇಲೆ.

ಬದಲಿಸಿ ನೋಡಿ: ಆಲ್ಡರ್ (ಲೀಟರಿಗೆ 450) 2.07, ಮೇಪಲ್ ನೆಕ್ 1.0, ಹಗುರ ಟ್ಯೂನರ್ 0.3, ಅಲ್ಯುಮಿನಿಯಂ ಬ್ರಿಡ್ಜ್ 0.2, ಉಳಿದದ್ದು ಅಷ್ಟೇ. 4.30. ಬಾಡಿಯನ್ನು 40 ಮಿ.ಮೀ.ಗೆ ಇಳಿಸಿದರೆ ಅದು 1.84 ಆಗಿ ಒಟ್ಟು 4.07ಕ್ಕೆ ಬರುತ್ತದೆ.

ಹಲಗೆ ಆರಿಸುವಾಗ ಮರದ ಹೆಸರಿಗಿಂತ ತಕ್ಕಡಿ ಮುಖ್ಯ. 520 × 350 × 45 ಮಿ.ಮೀ. ಹಲಗೆ ಅಂದರೆ 8.19 ಲೀಟರ್. ತೂಗಿದಾಗ 4.1 ಕಿಲೋ ಬಂದರೆ ಲೀಟರಿಗೆ 500 ಗ್ರಾಂ, ಬಾಡಿ 2.3 ಕಿಲೋ ಆಗುತ್ತದೆ. ಅಂಗಡಿಯಲ್ಲೇ ನಿಂತು ಮಾಡಬಹುದಾದ ಲೆಕ್ಕ. ಒಂದೇ ಮರದ ಎರಡು ಹಲಗೆಗಳ ನಡುವೆ 25 ಶೇಕಡಾ ವ್ಯತ್ಯಾಸ ಇರುವುದು ಮಾಮೂಲು, ಅದರಲ್ಲೂ ಆಶ್. ಜೌಗು ನೆಲದ ಹಗುರ ಆಶ್ ಈಗ ಸಿಗುವುದೂ ಕಷ್ಟ. ಮರ ಕೊರೆಯುವ ಎಮರಾಲ್ಡ್ ಆಶ್ ಬೋರರ್ ಹುಳುವಿನ ಕಾಟದಿಂದ ಫೆಂಡರ್ ಕಂಪನಿಯೇ 2020ರಲ್ಲಿ ತನ್ನ ಮಾಮೂಲಿ ಮಾದರಿಗಳಿಂದ ಆಶ್ ಕೈಬಿಡುವುದಾಗಿ ಹೇಳಿತು.

ನಾದಬಿಂದು:
ಎಲ್ಲ ಸರಿ ಗುರುಗಳೇ, ಆದರೆ ಮರವನ್ನು ಬರೀ ತೂಕಕ್ಕೆ ಇಳಿಸಿಬಿಟ್ಟಿರಲ್ಲ. ಆಶ್‌ನ ಆ ಗಿಣ್ ಅನ್ನುವ ಸದ್ದು, ಮಹಾಗನಿಯ ತುಂಬು ಸದ್ದು ಎಲ್ಲಿ ಹೋಯಿತು?

ಓಮ್‌ನಿಯಮ:
ಪಿಕಪ್ ಜಾಗದಲ್ಲಿ ಹೋಯಿತು. ತಮಾಷೆಯಲ್ಲ. ಫೆಂಡರ್ ಕಂಪನಿಯ ಜಾಝ್ ಬೇಸ್‌ನ 60ರ ದಶಕದ ಅಳತೆಗೂ 70ರ ದಶಕದ ಅಳತೆಗೂ ಬ್ರಿಡ್ಜ್ ಪಿಕಪ್ ಸರಿದದ್ದು ಹತ್ತು ಮಿಲಿಮೀಟರ್ ಮಾತ್ರ. ಅಷ್ಟಕ್ಕೇ ಸದ್ದು ಬೇರೆ ಎಂದು ಯಾರು ಬೇಕಾದರೂ ಕಣ್ಣು ಮುಚ್ಚಿ ಹೇಳುತ್ತಾರೆ. ಬಾಡಿ ಮರ ಬದಲಿಸಿ ಅಷ್ಟು ವ್ಯತ್ಯಾಸ ತೋರಿಸುವುದು ಕಷ್ಟ. ತಂತಿ ಹಳತಾದರೇ ಅದಕ್ಕಿಂತ ಹೆಚ್ಚು ಬದಲಾಗುತ್ತದೆ.

ಗೆರೆಮರ:
ಇಬ್ಬರದೂ ಅರ್ಧ ಸರಿ. ಮರ ಸದ್ದನ್ನು ಸೇರಿಸುವುದಿಲ್ಲ, ತಂತಿಯಿಂದ ಕದಿಯುತ್ತದೆ. ಕದಿಯುವುದು ಹೆಚ್ಚಾಗಿ ನೆಕ್, ಬಾಡಿಯಲ್ಲ. ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಒಂದು ಸ್ವರ ಬೇಗ ಸಾಯುತ್ತದಲ್ಲ, ಆ ಡೆಡ್ ಸ್ಪಾಟ್ ಇದೇ ಕಳ್ಳತನ. ನೆಕ್ಕಿನ ಸ್ವಂತ ಕಂಪನ ಆ ಸ್ವರದ ಕಂಪನಕ್ಕೆ ಹೊಂದಿಕೊಂಡಾಗ ತಂತಿಯ ಶಕ್ತಿ ನೆಕ್ ಅಲುಗಾಟಕ್ಕೆ ಹೋಗುತ್ತದೆ. ಪರೀಕ್ಷೆ ಸುಲಭ: ಹೆಡ್‌ಸ್ಟಾಕ್ ತುದಿಗೆ 150 ಗ್ರಾಂನ ಒಂದು ಚಿಕ್ಕ ಕ್ಲ್ಯಾಂಪ್ ಬಿಗಿದು ಮತ್ತೆ ನುಡಿಸಿ. ಸತ್ತ ಜಾಗ ಒಂದು ಫ್ರೆಟ್ ಆಚೀಚೆ ಸರಿಯುತ್ತದೆ. ಹಗುರ ಟ್ಯೂನರ್ ಹಾಕಿದರೆ ಅದು ಮೇಲಕ್ಕೆ ಸರಿಯುತ್ತದೆ, ಮಾಯವಾಗುವುದಿಲ್ಲ. ನೆಕ್ ಬಿಗಿಯಾದಷ್ಟೂ ಇನ್ನೂ ಮೇಲಕ್ಕೆ.

ಹಾಗಾಗಿ ನೆಕ್ಕಿಗೆ ಬಿಗಿ, ಬಾಡಿಗೆ ತೂಕ ಮತ್ತು ಅಂದ. ಆ ಕ್ರಮದಲ್ಲಿ ದುಡ್ಡು ಹಾಕಿ.

ಬೋರು:
ತೇಗ, ಹಲಸು, ಬೀಟೆ ಇವುಗಳಲ್ಲಿ ಬಾಡಿ ಮಾಡಬಹುದಾ ಅಂತ ಯಾರೂ ಕೇಳಲಿಲ್ಲವಲ್ಲ?

ಗೆರೆಮರ:
ತೇಗ ಆಗುತ್ತದೆ, ಲೀಟರಿಗೆ 650 ಗ್ರಾಂ ಹತ್ತಿರ. 45 ಮಿ.ಮೀ. ಬಾಡಿಗೆ ಭಾರ, ಒಳಗೆ ಟೊಳ್ಳು ಮಾಡಬೇಕು. ಅಲುಗಾಟ ಬಹಳ ಕಡಿಮೆ, ಅದು ದೊಡ್ಡ ಗುಣ. ಎರಡು ತೊಂದರೆ. ಮರದೊಳಗೆ ಸಿಲಿಕಾ ಇರುವುದರಿಂದ ಹತ್ತರಿ ಅಲಗು, ರೂಟರ್ ಬಿಟ್ ಬೇಗ ಮೊಂಡಾಗುತ್ತವೆ, ಕಾರ್ಬೈಡ್ ಬಿಟ್ಟೇ ಬೇಕು. ಇನ್ನೊಂದು ಎಣ್ಣೆ. ಕೀಸಿ ಒಂದು ದಿನ ಬಿಟ್ಟ ಮೈಗೆ ಬಿಳಿ ಅಂಟು ಹಾಕಿದರೆ ಜೋಡಣೆ ಸಿಪ್ಪೆಯಂತೆ ಬಿಡುತ್ತದೆ. ಹೊಸದಾಗಿ ಕೀಸಿ, ಅಸಿಟೋನ್‌ನಿಂದ ಒರೆಸಿ, ಬಟ್ಟೆಗೆ ಬಣ್ಣ ಹತ್ತುವುದು ಕಡಿಮೆಯಾಗುವವರೆಗೆ ಮತ್ತೆ ಒರೆಸಿ, ಆರಿದ ಕೂಡಲೇ ಎಪಾಕ್ಸಿ. ಬೀಟೆಗೂ ಇದೇ ಮಾತು. ಬೀಟೆ ಬಾಡಿ ಮಾಡಿದರೆ ಹೆಗಲು ಶಾಪ ಹಾಕುತ್ತದೆ. ಅದು ಫ್ರೆಟ್‌ಬೋರ್ಡಿಗೆ ಚೆಂದ. ಹಲಸು ಕೆಲಸಕ್ಕೆ ಒಳ್ಳೆಯ ಮರ, ಆದರೆ ನಾರು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತದೆ, ರೂಟರಿನಲ್ಲಿ ಒಮ್ಮೆಗೆ 3 ಮಿ.ಮೀ.ಗಿಂತ ಹೆಚ್ಚು ತೆಗೆದರೆ ಚಕ್ಕೆ ಕಿತ್ತು ಬರುತ್ತದೆ. ನೆಕ್ಕಿಗೆ ಬೇಡ.

ಬೀಟೆ ಹಲಗೆಯನ್ನು ಗಡಿ ದಾಟಿಸುವವರು ಕಾಗದಪತ್ರ ನೋಡಿಕೊಳ್ಳಿ. 2017ರ ಜನವರಿಯಿಂದ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲ ಪೂರ್ತಿ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. 2019ರ ನವೆಂಬರಿನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಬಂತು, ಹಸಿ ಹಲಗೆಗೆ ಬರಲಿಲ್ಲ. ಬ್ರೆಜಿಲ್ ಬೀಟೆಗೆ ಆ ವಿನಾಯಿತಿಯೂ ಇಲ್ಲ, ಅದು 1992ರಿಂದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ.

ಮಿಲಿಮೀಟರ್:
ಯಾವ ಮರವಾದರೂ ಒಣಗಿರದಿದ್ದರೆ ಮೇಲಿನ ಲೆಕ್ಕವೆಲ್ಲ ನೀರಿಗೆ. ತೇವ ಅಳೆಯುವ ಮೀಟರ್ ಇಲ್ಲದವರಿಗೆ ಅಡುಗೆ ಓವನ್ ಸಾಕು. ಹಲಗೆಯ ತುದಿಯಿಂದ ಒಂದು ಹಸ್ತ ಒಳಗೆ (ತುದಿ ಯಾವಾಗಲೂ ಬೇಗ ಒಣಗಿರುತ್ತದೆ, ಸುಳ್ಳು ಹೇಳುತ್ತದೆ) ತೆಳು ಚೂರು ಕೊಯ್ದು ತೂಗಿ. 103 ಡಿಗ್ರಿಯಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಗಂಟೆಗೊಮ್ಮೆ ತೂಗುತ್ತಾ ಹೋಗಿ. 50.0 ಗ್ರಾಂ ಇದ್ದದ್ದು 45.5ಕ್ಕೆ ನಿಂತರೆ ಹೋದ ನೀರು 4.5. ಅದನ್ನು ಒಣ ತೂಕದಿಂದ ಭಾಗಿಸಿ: 9.9 ಶೇಕಡಾ. ನೆಕ್ಕಿಗೆ 6ರಿಂದ 8 ಇದ್ದರೆ ಒಳ್ಳೆಯದು. ತೇವದ ಹವೆಯ ಜಾಗದಲ್ಲೇ ವಾದ್ಯ ಇರುವುದಾದರೆ 10 ಕೂಡ ನಡೆಯುತ್ತದೆ. ಬಾಳುವ ಜಾಗದ ಹವೆಗೆ ಮರ ಹೊಂದಿರಬೇಕು, ಪುಸ್ತಕದ ಸಂಖ್ಯೆಗಲ್ಲ.

ತೇವ 4 ಶೇಕಡಾ ಇಳಿದರೆ 60 ಮಿ.ಮೀ. ಅಗಲದ ಫ್ರೆಟ್‌ಬೋರ್ಡ್ ಸುಮಾರು ಅರ್ಧ ಮಿಲಿಮೀಟರ್ ಕುಗ್ಗುತ್ತದೆ. ಫ್ರೆಟ್ ಲೋಹ ಕುಗ್ಗುವುದಿಲ್ಲ. ಎರಡೂ ಬದಿಯಲ್ಲಿ ಕಾಲು ಮಿಲಿಮೀಟರ್ ಹೊರಬಂದು ಅಂಗೈ ಗೀರುತ್ತದೆ. ಇದನ್ನೇ ಎಷ್ಟೋ ಜನ ಫ್ರೆಟ್ ಕೆಲಸ ಸರಿಯಿಲ್ಲ ಅನ್ನುತ್ತಾರೆ.

ನೆಕ್ಕನ್ನು ಒಂದೇ ಸಲಕ್ಕೆ ಅಂತಿಮ ಅಳತೆಗೆ ಇಳಿಸಬೇಡಿ. ಪಟ್ಟಿಗಳನ್ನು 2 ಮಿ.ಮೀ. ದಪ್ಪ ಉಳಿಸಿ ಸೀಳಿ, ಎರಡು ವಾರ ಗಾಳಿಯಾಡುವಂತೆ ಜೋಡಿಸಿಡಿ, ಬಾಗಿದ್ದನ್ನು ಮತ್ತೆ ಕೀಸಿ ಸಮ ಮಾಡಿ, ಆಮೇಲೆ ಅಂಟು. ಅಂಟು ಹಾಕಿ ಒಂದು ವಾರ ಮುಟ್ಟಬೇಡಿ. ಅಂಟಿನ ನೀರಿಗೆ ಜೋಡಣೆಯ ಗೆರೆ ಉಬ್ಬಿರುತ್ತದೆ. ಆಗಲೇ ಕೀಸಿದರೆ ಮುಂದೆ ಒಣಗಿದಾಗ ಅಲ್ಲಿ ಸಣ್ಣ ತೋಡು ಬೀಳುತ್ತದೆ, ಪಾಲಿಶ್ ಆದ ಮೇಲೆ ಬೆಳಕಿಗೆ ಹಿಡಿದರೆ ಕಾಣುತ್ತದೆ.

ಸುಳಿಬಿಟ್:
ಟ್ರಸ್ ರಾಡ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಎರಡೂ ಕಡೆ ಕೆಲಸ ಮಾಡುವ ಡಬಲ್ ಆ್ಯಕ್ಷನ್ ರಾಡ್ ತೆಗೆದುಕೊಳ್ಳಿ. ತೋಡು ನೇರವಾಗಿರುತ್ತದೆ, 6 ಮಿ.ಮೀ. ಅಗಲ, ಆಳ 9ರಿಂದ 10. ಮೊದಲ ಫ್ರೆಟ್ಟಿನಲ್ಲಿ ನೆಕ್ 21 ಮಿ.ಮೀ., ಅದರಲ್ಲಿ ಫ್ರೆಟ್‌ಬೋರ್ಡ್ 6 ಕಳೆದರೆ ಮರ 15. ತೋಡು 9.5 ಹೋದರೆ ಕೆಳಗೆ ಉಳಿಯುವುದು 5.5. ಹಿಂಬದಿ ದುಂಡು ಮಾಡುವಾಗ ಕೈ ತಪ್ಪಿ ಎರಡು ಮಿಲಿಮೀಟರ್ ಹೆಚ್ಚು ಹೋದರೂ 3.5 ಇರುತ್ತದೆ. 3ಕ್ಕಿಂತ ಕೆಳಗೆ ಹೋಗಬಾರದು. ರಾಡ್ ತಿರುಗಿಸಿ ಹೊಂದಿಸುವ ಲೋಹದ ನಟ್ ಹೆಡ್‌ಸ್ಟಾಕ್ ಕಡೆಗಿದ್ದರೆ ಅಲ್ಲಿ ತೋಡು ಇನ್ನೂ ಅಗಲ, ಇನ್ನೂ ಆಳ. ಅದೇ ಜಾಗದಲ್ಲಿ ಹೆಡ್‌ಸ್ಟಾಕ್ ಮಡಿಯುವುದೂ ಹೌದು. ಬಾಡಿ ಕಡೆಗೆ ಚಕ್ರದ ನಟ್ ಇರುವ ರಾಡ್ ಆದರೆ ಈ ತಲೆನೋವೇ ಇಲ್ಲ.

ರಾಡ್ ತೋಡಿನಲ್ಲಿ ಅಲುಗಾಡಬಾರದು, ಅಲುಗಾಡಿದರೆ ಇ ತಂತಿಯ ಕೆಲವು ಸ್ವರಗಳಿಗೆ ಗಿರಗಿರ ಅನ್ನುತ್ತದೆ. ಮೂರು ಕಡೆ ಒಂದೊಂದು ತೊಟ್ಟು ಸಿಲಿಕೋನ್ ಸಾಕು. ಫ್ರೆಟ್‌ಬೋರ್ಡ್ ಅಂಟಿಸುವಾಗ ತೋಡಿನ ಮೇಲೆ ಪೇಪರ್ ಟೇಪ್ ಹಾಕಿ, ಅಂಟು ಬಳಿದು, ಕೊನೇ ಕ್ಷಣದಲ್ಲಿ ಟೇಪ್ ಎಳೆದು ಹಲಗೆ ಕೂರಿಸಿ. ರಾಡ್‌ಗೆ ಅಂಟು ಇಳಿದರೆ ಅದು ಕಬ್ಬಿಣದ ಸರಳು ಅಷ್ಟೇ, ತಿರುಗುವುದಿಲ್ಲ. ಹಲಗೆ ಜಾರದಂತೆ ಎರಡು ಫ್ರೆಟ್ ಗೆರೆಯೊಳಗೆ ಸಣ್ಣ ಮೊಳೆ ಹೊಡೆದು ಜಾಗ ಮೊದಲೇ ಗುರುತು ಮಾಡಿರಬೇಕು. ಅಂಟು ತೆಳ್ಳಗೆ ಬಳಿಯಿರಿ. ನೀರಿನಂಶದ ಅಂಟು ಹೆಚ್ಚಾದರೆ ನೆಕ್ ಹಿಂದಕ್ಕೆ ಬಾಗುತ್ತದೆ. ಐದು ತಂತಿಯ ಉದ್ದ ನೆಕ್ಕಿಗೆ ನಾನು ಎಪಾಕ್ಸಿಗೇ ಓಟು ಹಾಕುವವನು.

ಕಾರ್ಬನ್ ಸರಳು ಹಾಕುವವರು ನಡುಗೆರೆಯಿಂದ 11 ಮಿ.ಮೀ. ಆಚೀಚೆ, 5 ಮಿ.ಮೀ. ಅಗಲ, 6 ಆಳ ಇಟ್ಟರೆ ನಟ್ ಹತ್ತಿರ ಹಿಂಬದಿಯ ದುಂಡಿಗೆ ತಗಲುವುದಿಲ್ಲ. 15 ಮಿ.ಮೀ. ದಪ್ಪ, 45 ಅಗಲದ ದುಂಡಿನಲ್ಲಿ ಅಲ್ಲಿ ಮರ 12 ಮಿ.ಮೀ. ಇರುತ್ತದೆ. ಕಾರ್ಬನ್ ಕೊಯ್ಯುವಾಗ ಮಾಸ್ಕ್ ಬೇಕೇ ಬೇಕು. ವೆಂಗೆ ಸಿಬಿರೂ ಚುಚ್ಚಿದರೆ ಬಾವು ಬರುತ್ತದೆ, ಹುಷಾರು.

ಮಿಲಿಮೀಟರ್:
ಎಬೊನಿ ಅಂದಿದ್ದರಿಂದ ಇದೂ ಇರಲಿ. ಗರಗಸದ ಗೆರೆ ಫ್ರೆಟ್ ತಂತಿಯ ಕಾಲಿಗಿಂತ (ಗೆರೆಯೊಳಗೆ ಇಳಿಯುವ ಅಂಚು) 0.02 ಮಿ.ಮೀ. ಕಿರಿದಾಗಿದ್ದರೆ ಏನಾಯಿತು ಅನ್ನಿಸುತ್ತದೆ. 24 ಫ್ರೆಟ್ಟಿಗೆ ಅದು 0.48 ಮಿ.ಮೀ. ಅಷ್ಟು ಬೆಣೆ ಮೇಲ್ಮೈಗೆ ಬಡಿದಂತಾಗಿ ನೆಕ್ ಹಿಂದಕ್ಕೆ ಬಿಲ್ಲಾಗುತ್ತದೆ. ಎಬೊನಿ ಗಟ್ಟಿ, ಒತ್ತಿಕೊಳ್ಳುವುದಿಲ್ಲ. ಮೆತ್ತನೆ ಬೀಟೆಯಲ್ಲಿ ಇದೇ ತಪ್ಪು ಅರ್ಧ ಮಾಫ್.

ಉಳಿಚಾಣ:
ಬ್ರಿಡ್ಜ್ ಎತ್ತರದ ಲೆಕ್ಕ ಬಿಟ್ಟುಹೋಗಿತ್ತು. ನೆಕ್ ಹೀಲ್ (ಪಾಕೆಟ್ಟಿನಲ್ಲಿ ಕೂರುವ ತುದಿ) ಒಟ್ಟು ದಪ್ಪ 25.5 ಮಿ.ಮೀ., ಪಾಕೆಟ್ ಆಳ 16 ಅಂದರೆ ಫ್ರೆಟ್‌ಬೋರ್ಡ್ ನಡುಭಾಗ ಬಾಡಿಯಿಂದ 9.5 ಮೇಲೆ. ಫ್ರೆಟ್ ಎತ್ತರ 1.1. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ 2 ಮಿ.ಮೀ. ಮೇಲಿದ್ದರೆ ಬ್ರಿಡ್ಜ್ ಹತ್ತಿರ ಸುಮಾರು 4. ಕೂಡಿದರೆ ನಡು ತಂತಿಯ ಸ್ಯಾಡಲ್ 14.6 ಮಿ.ಮೀ. ಫ್ರೆಟ್‌ಬೋರ್ಡಿನ ದುಂಡು 12 ಇಂಚು ರೇಡಿಯಸ್ ಆದರೆ ಅಂಚಿನ ತಂತಿಗಳು 2.4 ಕೆಳಗೆ, ಅಂದರೆ 12.2. ಈಗ ನಿಮ್ಮ ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿ ಅಳೆಯಿರಿ. ಭಾರದ ಬ್ರಿಡ್ಜ್‌ಗಳಲ್ಲಿ ತಳದ ತಟ್ಟೆಯೇ ದಪ್ಪ. ಕನಿಷ್ಠ ಎತ್ತರ 13 ಬಂತೆಂದರೆ ಜಿ ಮತ್ತು ಬಿ ತಂತಿ ಬೇಕಾದಷ್ಟು ಇಳಿಯುವುದಿಲ್ಲ. ಆಗ ಪಾಕೆಟ್ ಆಳವನ್ನು 15ಕ್ಕೆ ಇಡಬೇಕು. ಮೊದಲೇ ಗೊತ್ತಿದ್ದರೆ ಒಂದು ಸಂಖ್ಯೆ ಬದಲಾಯಿಸಿದರಾಯಿತು. ಆಮೇಲೆ ಗೊತ್ತಾದರೆ ನೆಕ್ ಕೆಳಗೆ ಚಕ್ಕೆ ತುರುಕುವ ಕೆಲಸ.

ಬ್ರಿಡ್ಜ್ ಜಾಗ: ಜಿ ಸ್ಯಾಡಲ್‌ಅನ್ನು ಅದರ ಓಟದ ಮುಂದಿನ ತುದಿಯಿಂದ 2-3 ಮಿ.ಮೀ. ಹಿಂದಕ್ಕೆ ತನ್ನಿ, ಅದರ ತುದಿ ಸರಿಯಾಗಿ ಸ್ಕೇಲ್ ಗೆರೆಯ ಮೇಲೆ ಬರಲಿ. ಉಳಿದ ತಂತಿಗಳು ಹಿಂದಕ್ಕೇ ಹೋಗುವುದು, ಬಿ ತಂತಿ 6 ಮಿ.ಮೀ. ಮೀರಿ ಹೋದರೂ ಅಚ್ಚರಿಯಿಲ್ಲ. ನಡುವೆ ಇಟ್ಟು ಕೊರೆದರೆ ಬಿ ತಂತಿಗೆ ಜಾಗ ಸಾಲುವುದಿಲ್ಲ. ಕೊರೆಯುವ ಮೊದಲು ನೆಕ್ ಬಿಗಿದು, ಎರಡು ಅಂಚಿನ ತಂತಿಗಳ ಜಾಗದಲ್ಲಿ ದಾರ ಎಳೆದು, ಫ್ರೆಟ್‌ಬೋರ್ಡ್ ಅಂಚಿಗೆ ಎರಡೂ ಬದಿ ಒಂದೇ ಅಂತರ ಬರುವವರೆಗೆ ಬ್ರಿಡ್ಜ್ ಸರಿಸಿ. ಬಾಡಿಯ ನಡುಗೆರೆಯನ್ನು ನಂಬಿ ಕೊರೆಯಬೇಡಿ. ಪಾಕೆಟ್ ಅರ್ಧ ಡಿಗ್ರಿ ಓರೆಯಾಗಿದ್ದರೂ ಬ್ರಿಡ್ಜ್ ಹತ್ತಿರ ಕೆಲವು ಮಿಲಿಮೀಟರ್ ತಪ್ಪಿರುತ್ತದೆ.

ನಾದಬಿಂದು:
ಹಿತ್ತಾಳೆ ಬ್ರಿಡ್ಜ್ ಹಾಕಿದರೆ ಸಸ್ಟೇನ್ (ಸ್ವರ ಹೆಚ್ಚು ಹೊತ್ತು ನಿಲ್ಲುವುದು) ಬರುತ್ತದೆ ಅನ್ನುವುದು ಸುಳ್ಳಾ ಹಾಗಾದರೆ?

ಐದನೇತಂತಿ:
ಸುಳ್ಳಲ್ಲ, ಉಬ್ಬಿಸಿದ್ದು. ಬ್ರಿಡ್ಜ್‌ನಲ್ಲಿ ನೋಡಬೇಕಾದದ್ದು ಸ್ಯಾಡಲ್ ಪಕ್ಕಕ್ಕೆ ಅಲುಗದಂತೆ ಗಾಡಿ (ಅದು ಹಿಂದೆಮುಂದೆ ಸರಿಯುವ ತೋಡು) ಇದೆಯೇ, ಎತ್ತರದ ಸ್ಕ್ರೂ ಸಡಿಲವಿಲ್ಲವೇ ಅಂತ. .130 ತಂತಿ ಜೋರಾಗಿ ಬಾರಿಸಿದಾಗ ಮಡಿಸಿದ ತಗಡಿನ ಬ್ರಿಡ್ಜ್‌ನಲ್ಲಿ ಸ್ಯಾಡಲ್ ಪಕ್ಕಕ್ಕೆ ಜಾರುತ್ತದೆ, ಅದಕ್ಕೇ ಐದು ತಂತಿಗೆ ಗಾಡಿ ಇರುವ ಬ್ರಿಡ್ಜ್ ಬೇಕು. ಅಲ್ಯುಮಿನಿಯಂ ತಳ, ಹಿತ್ತಾಳೆ ಸ್ಯಾಡಲ್ ಇರುವುದು ಒಳ್ಳೆಯ ರಾಜಿ. ಅಗ್ಗದ ಸತು ಎರಕದಲ್ಲಿ ಸ್ಕ್ರೂ ಮರೆ (ತಿರುಪಿನ ಸುತ್ತುಗೆರೆ) ಬೇಗ ಸವೆಯುತ್ತದೆ, ಅದನ್ನು ಬಿಡಿ.

ಟ್ಯೂನರ್ ವಿಚಾರ: ಸ್ಟ್ರ್ಯಾಪ್ ಬಟನ್ ಹನ್ನೆರಡನೇ ಫ್ರೆಟ್ ನೇರಕ್ಕೆ ಬಂದರೆ ಟ್ಯೂನರ್‌ಗಳು ಅಲ್ಲಿಂದ ಸರಾಸರಿ 55 ಸೆಂ.ಮೀ. ದೂರ. ಅಲ್ಲಿ 200 ಗ್ರಾಂ ಉಳಿಸಿದರೆ ಬಾಡಿಯಲ್ಲಿ 40 ಸೆಂ.ಮೀ. ಹಿಂದೆ 275 ಗ್ರಾಂ ಸೇರಿಸಿದ್ದಕ್ಕೆ ಸಮ. ತಲೆ ಬೀಳದಿರಲು ಬಾಡಿ ಭಾರ ಮಾಡುವವರು ಉಲ್ಟಾ ಓಡುತ್ತಿದ್ದಾರೆ. ಮೇಲಿನ ಕೊಂಬನ್ನು ಉದ್ದ ಮಾಡಿ, ತಲೆಯನ್ನು ಹಗುರ ಮಾಡಿ. ಹಿಪ್‌ಶಾಟ್, ಗೊಟೋ ಇಬ್ಬರೂ ಹಗುರ ಬೇಸ್ ಟ್ಯೂನರ್ ಮಾಡುತ್ತಾರೆ. ಬಿ ತಂತಿಯ ದಪ್ಪಕ್ಕೆ ಕಂಬದ ಸೀಳು ಸಾಕಾಗುತ್ತದೆಯೇ ಎಂದು ಮಾತ್ರ ನೋಡಿ.

ಸುಳಿಬಿಟ್:
ಬಾಡಿ 40 ಮಿ.ಮೀ.ಗೆ ಇಳಿಸಿ ಅಂತ ಉಳಿಚಾಣ ಹೇಳಿದಾಗಲೇ ಬರೆಯಬೇಕಿತ್ತು. ನೆಕ್ ಸ್ಕ್ರೂ ಮಾಮೂಲು 45 ಮಿ.ಮೀ. ಬಾಡಿ 45 ಇದ್ದಾಗ: ಪ್ಲೇಟ್ 2, ಪಾಕೆಟ್ ಕೆಳಗಿನ ಮರ 29, ನೆಕ್ಕಿನೊಳಗೆ 14. ಬಾಡಿ 40 ಆದರೆ ನೆಕ್ಕಿನೊಳಗೆ 19. ಹೀಲಿನಲ್ಲಿ ಫ್ರೆಟ್‌ಬೋರ್ಡ್ ಕಳೆದು ಮರ ಇರುವುದೇ 19.5! ಪಾಕೆಟ್ ತಳವನ್ನು ಸ್ವಲ್ಪ ಮರಳು ಕಾಗದದಲ್ಲಿ ಉಜ್ಜಿದರೂ ಸ್ಕ್ರೂ ತುದಿ ಎಬೊನಿಯನ್ನು ಕೆಳಗಿನಿಂದ ಎತ್ತುತ್ತದೆ. 40ರ ಸ್ಕ್ರೂ ತನ್ನಿ.

ಬಾಡಿಯ ತೂತು 4.5 ಮಿ.ಮೀ., ಸ್ಕ್ರೂ ಅಲ್ಲಿ ಸರಾಗ ಜಾರಬೇಕು. ಬಾಡಿಗೂ ಮರೆ ಕಚ್ಚಿದರೆ ನೆಕ್ ಎಷ್ಟು ಬಿಗಿದರೂ ಪಾಕೆಟ್ ತಳಕ್ಕೆ ಕೂರುವುದಿಲ್ಲ, ಕಾಗದದಷ್ಟು ಸಂದಿ ಉಳಿಯುತ್ತದೆ. ಮೇಪಲ್‌ನಲ್ಲಿ 4.2ರ ಸ್ಕ್ರೂಗೆ 3.2 ತೂತು. ಹುರಿದ ಮೇಪಲ್ ಆದರೆ 3.5, ಅದು ಬಿರುಸು, ಸೀಳುತ್ತದೆ. ಸ್ಕ್ರೂಗೆ ಮೇಣ ಸವರಿ. ಡ್ರಿಲ್ ಯಂತ್ರದಲ್ಲಿ ಬಿಗಿಯಬೇಡಿ, ಕೈಯಲ್ಲಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ.

ಓಮ್‌ನಿಯಮ:
ಪಿಕಪ್ ಕೊಳ್ಳುವ ಮೊದಲು ಹರವು ಹೊಂದುತ್ತದೆಯೇ ನೋಡಿ. ಸ್ಯಾಡಲ್‌ನಿಂದ 45 ಮಿ.ಮೀ. ಮುಂದೆ ಬ್ರಿಡ್ಜ್ ಪಿಕಪ್ ಇದ್ದರೆ ಅಲ್ಲಿ ತಂತಿಗಳ ಹರವು 74 ಮಿ.ಮೀ., 145ರಲ್ಲಿ ನೆಕ್ ಪಿಕಪ್ ಇದ್ದರೆ 69.6. ಕಂಬದ ಆಯಸ್ಕಾಂತ ಆದರೆ ತಂತಿ ಅದರ ಮೇಲೆಯೇ ಹಾಯಬೇಕು. ಪಟ್ಟಿ ಆಯಸ್ಕಾಂತ ಆದರೆ ಆ ತಲೆನೋವಿಲ್ಲ, ಪಟ್ಟಿ 74 ದಾಟಿದ್ದರೆ ಸಾಕು.

ಪ್ಯಾಸಿವ್ (ಬ್ಯಾಟರಿ ಬೇಡದ) ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್ ಪಾಟ್ (ಗುಂಡಿಯಡಿ ಕೂರುವ, ತಿರುಗಿಸುವ ರೆಸಿಸ್ಟರ್), ಟೋನ್‌ಗೆ 47 ನ್ಯಾನೋಫ್ಯಾರಡ್ ಕೆಪಾಸಿಟರ್. ಎರಡು ಕಾಯಿಲಿನ ಹಂಬಕರ್‌ಗೆ 500. ಬ್ಯಾಟರಿ ಬೇಕಾದ ಆಕ್ಟಿವ್ ಪಿಕಪ್‌ಗೆ 25. ಅದಕ್ಕೆ 250 ಹಾಕಿದರೆ ಶಬ್ದದ ಗುಂಡಿ ಕೊನೇ ಚೂರಿನಲ್ಲಿ ಮಾತ್ರ ಕೆಲಸ ಮಾಡಿದಂತೆ ಅನ್ನಿಸುತ್ತದೆ. ಬ್ರಿಡ್ಜ್ ಕೆಳಗೆ ಅರ್ಥ್ ತಂತಿಯ ತೂತನ್ನು ಪಾಲಿಶ್‌ಗೆ ಮೊದಲೇ ಕೊರೆಯಿರಿ. ಮರೆತರೆ ತಂತಿಯಿಂದ ಕೈ ಎತ್ತಲಿ, ಇಡಲಿ, ಗುಂಯ್ ಅನ್ನುವುದು ನಿಲ್ಲುವುದಿಲ್ಲ. ಗುಂಯ್ ತಡೆಯಲು ಒಳಗೆ ಅಂಟಿಸುವ ತಾಮ್ರದ ಹಾಳೆಯ ಎರಡು ತುಂಡು ಸೇರುವಲ್ಲಿ ಒಂದು ಚುಕ್ಕೆ ಬೆಸುಗೆ ಇರಲಿ, ಕೆಳಗಿನ ಅಂಟನ್ನು ನಂಬಬೇಡಿ.

ತಗ್ಗುತಂತಿ:
ಪಟ್ಟಿ ಪೂರ್ತಿ ತಿರುಗಿ ಬಿತ್ತು. ಈಗ: 34 ಇಂಚು, .135 ಬಿ, ಆಲ್ಡರ್ ಬಾಡಿ 40 ಮಿ.ಮೀ. (ಹಲಗೆ ತೂಗಿದಾಗ ಲೀಟರಿಗೆ 440), ಮೇಪಲ್-ವೆಂಗೆ ಐದು ತುಂಡಿನ ನೆಕ್ 22 ಮಿ.ಮೀ., ಎಬೊನಿ ಫ್ರೆಟ್‌ಬೋರ್ಡ್, ಹಗುರ ಟ್ಯೂನರ್, 40ರ ನೆಕ್ ಸ್ಕ್ರೂ. ಅಲ್ಯುಮಿನಿಯಂ ತಳದ ಬ್ರಿಡ್ಜ್ ಇವತ್ತು ಬಂತು. ಕ್ಯಾಲಿಪರ್ ಹಾಕಿದೆ: ಮೊದಲ ಸ್ಯಾಡಲ್ ಗಾಡಿಯಿಂದ ಕೊನೆಯದರ ಗಾಡಿಗೆ, ನಡುವಿನಿಂದ ನಡುವಿಗೆ 72.0 ಮಿ.ಮೀ. ಕನಿಷ್ಠ ಎತ್ತರ 11.5. ನೆಕ್ ಟೆಂಪ್ಲೇಟ್ ಉಳಿಚಾಣ ಹೇಳಿದ 73.5ಕ್ಕೆ ಕೊಯ್ದಾಗಿದೆ. ನಾಳೆ ಪಾಕೆಟ್ ರೂಟ್ ಮಾಡಬಹುದಲ್ಲ?

ಉಳಿಚಾಣ:
ನಿಲ್ಲಿ, ರೂಟರ್ ಪ್ಲಗ್ ಕೀಳಿ! 72 ಅಂದರೆ ಅಂತರ 18, 19 ಅಲ್ಲ. 38 + 34 × 0.75 = 63.5, ಅಂಚು ಸೇರಿ 70.5. ಟೆಂಪ್ಲೇಟ್‌ನ ಎರಡೂ ಬದಿಯಿಂದ ಒಂದೂವರೆ ಮಿ.ಮೀ. ಇಳಿಸಬೇಕು. ನಟ್ ಕಡೆ 45 ಹಾಗೇ ಇರಲಿ. ಎತ್ತರ 11.5 ಚೆನ್ನಾಗಿದೆ, ಪಾಕೆಟ್ 16ಕ್ಕೇ ಇಡಿ. ಪಿಕಪ್ ಹರವೂ ಕಡಿಮೆಯಾಯಿತು, ಓಮ್‌ನಿಯಮ ಕೊಟ್ಟ 74 ಈಗ 70ರ ಹತ್ತಿರ.

ತಗ್ಗುತಂತಿ:
ಟೆಂಪ್ಲೇಟ್ ಹತ್ತರಿ ಕೆಳಗೆ ಹೋಯಿತು. ಪಾಕೆಟ್ ನಾಡಿದ್ದು.